ತಳ್ಳು ಆದಿಲಕ್ಷ್ಮೀ

ಶ್ರೀನಿವಾಸಪುರದ ಆದಿಲಕ್ಷ್ಮಿಗೆ ಒಂದು ಹೆಸರಿದೆ ಎಂಬ ಸಂಗತಿ ಆಕೆಯ ಗಂಡನ ಪಿಕಪ್ ಗಾಡಿ ಕೆಡುವವರೆಗೂ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಕೆಗೇ ಅದು ಅಪರೂಪಕ್ಕೊಮ್ಮೆ ನೆನಪಾಗುತ್ತಿತ್ತು, ಅಟ್ಟದ ಮೇಲೆ ಇಟ್ಟು ಮರೆತ ಮದುವೆ ಸೀರೆಯ ಹಾಗೆ.

ಮಗಳು ಚಂದನ ಮದುವೆಯಾಗಿ ಮಾಲೂರು ಸೇರಿ ವರ್ಷಗಳೇ ಆಗಿದ್ದವು. ಆದರೂ ಕೋದಂಡರಾಮಪ್ಪ ಬಚ್ಚಲಲ್ಲಿ ನಿಂತು ಟವೆಲ್ ಬೇಕಾದಾಗ ಕೂಗುತ್ತಿದ್ದದ್ದು "ಚಂದನಾ" ಎಂದೇ. ಟವೆಲ್ ತಂದುಕೊಡುತ್ತಿದ್ದವಳು ಆದಿಲಕ್ಷ್ಮಿ. (ಅತ್ತ ಮಾಲೂರಿನಲ್ಲಿ ಮಗಳಿಗೆ ಬಿಕ್ಕಳಿಕೆ ಬರುತ್ತಿತ್ತೋ ಏನೋ, ವಿಚಾರಿಸಿದವರಿಲ್ಲ.) ಹತ್ತಿರದಲ್ಲಿದ್ದರೆ "ಏಮೇ" ಎಂದು ತೆಲುಗಿನಲ್ಲಿ ಕರೆಯುತ್ತಿದ್ದ; ಸಿಟ್ಟು ಬಂದರೆ "ಇವಳೇ" ಎಂದು ಕನ್ನಡಕ್ಕೆ ಬರುತ್ತಿದ್ದ. ಆತನ ಮೊಬೈಲಿನಲ್ಲಿ ಆಕೆಯ ನಂಬರು "ಮನೆ" ಎಂದು ಸೇವ್ ಆಗಿತ್ತು. ಒಂದು ದಿನ ಆತ ಫೋನು ಎಲ್ಲಿಟ್ಟೆನೆಂದು ಹುಡುಕುತ್ತಿದ್ದಾಗ ಆಕೆಯೇ ರಿಂಗ್ ಕೊಟ್ಟು, ಹೊಳೆಯುವ ಪರದೆಯ ಮೇಲೆ "ಮನೆ ಕರೆಯುತ್ತಿದೆ" ಎಂಬುದನ್ನು ಓದಿದಾಗ, ತಾನು ಸುಣ್ಣ ಬಳಿದುಕೊಂಡು ಬಾಗಿಲು ಕಿಟಕಿಗಳ ಸಮೇತ ನಿಂತಂತೆ ಆಕೆಗೆ ಭಾಸವಾಯಿತು.

ಉಳಿದವರೂ ಅಷ್ಟೆ. ಎದುರುಮನೆಯ ಅಕ್ಬರನಿಗೆ ಆಕೆ ಅಕ್ಕ, ಅವನ ಮಗಳಿಗೆ ಆಂಟಿ, ಹಾಲಿನವನಿಗೆ ಅಮ್ಮ, ಬ್ಯಾಂಕಿನಲ್ಲಿ ಟೋಕನ್ ನಂಬರು. ರೇಷನ್ ಅಂಗಡಿಯಲ್ಲಾದರೂ ಹೆಸರು ಕೇಳುತ್ತಿದ್ದ ಕಾಲವೊಂದಿತ್ತು. ಈಗ ಅಲ್ಲಿಯೂ ಬೆರಳು ಸಾಕು. ಸ್ಕೂಲಿನಲ್ಲಿ ಟೀಚರು ಹಾಜರಿ ಕೂಗಿ, ಆಕೆ ಎದ್ದು ನಿಂತು "ಪ್ರೆಸೆಂಟ್" ಎಂದಿದ್ದೇ ಕೊನೆ. ಅಲ್ಲಿಂದೀಚೆಗೆ ಯಾರೂ ಹಾಜರಿ ತೆಗೆದುಕೊಂಡಿರಲಿಲ್ಲ.

ಆಕೆಯೇನೂ ಗಂಡನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೆಂಡತಿಯ ಬಾಯಲ್ಲಿ ಹೆಸರು ಬಂದಷ್ಟೂ ಗಂಡನ ಆಯುಸ್ಸು ಸವೆಯುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ಒಮ್ಮೆ ಮನೆಗಣತಿಗೆ ಬಂದವನು ಯಜಮಾನರ ಹೆಸರು ಕೇಳಿದಾಗ, ಬಿಲ್ಲು ಹಿಡಿದಿರೋ ದೇವರು ಎಂದು ಆಕೆ ಸುಳಿವು ಕೊಟ್ಟಳು. ಕರೆಂಟ್ ಬಿಲ್ಲು ಬೇಡಮ್ಮ, ಹೆಸರು ಹೇಳಿ ಎಂದು ಆತ ಗೋಗರೆದ. ಕೊನೆಗೆ ಎದುರುಮನೆಯಿಂದ ಅಕ್ಬರ್ ಬಂದು ಹೇಳಬೇಕಾಯಿತು.

ಹೀಗಿರುವಾಗ, ಮಾವಿನ ಸುಗ್ಗಿ ಇನ್ನೂ ಕಣ್ಣು ಬಿಡುವ ಹೊತ್ತಿಗೆ, ಗಾಡಿಯ ಸೆಲ್ಫ್ ಹೋಯಿತು.

ಕೀ ತಿರುವಿದರೆ ಇಂಜಿನ್ನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರಿಗೆ ನಮ್ಮ ಕಡೆ ಎಲ್ಲರೂ ಹೇಳುವುದು ಸೆಲ್ಫ್ ಎಂದೇ. ಸೆಲ್ಫ್ ಎಂದರೆ ತಾನು. ಗಾಡಿಯ 'ತಾನು' ಈಗ ಹೋಗಿತ್ತು. ಗಾಡಿಯೊಡೆಯನ ಹೆಂಡತಿಯದು ಹೋಗಿ ಬಹಳ ಕಾಲವಾಗಿತ್ತು. ಆದರೆ ಗಾಡಿಯದಕ್ಕೆ ಮಾತ್ರ ಬೀದಿಯೆಲ್ಲ ಮರುಗಿತು. ಬೀದಿ ಅರ್ಧ ಮಟ್ಟಸ, ಅಕ್ಬರನ ಮನೆ ದಾಟಿದ ಮೇಲೆ ಇಳಿಜಾರು. ಅಲ್ಲಿಯವರೆಗೆ ತಳ್ಳಿಬಿಟ್ಟರೆ, ಇಳಿಯುವ ಜೋರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ, ಇಂಜಿನ್ ಹತ್ತಿಕೊಳ್ಳುತ್ತಿತ್ತು. ಅಕ್ಬರನದು ಮಾವಿನ ಮಂಡಿ. ತೋಟಗಳಿಂದ ಅವನ ಮಂಡಿಗೆ ಕಾಯಿ ತರುತ್ತಿದ್ದದ್ದು ಇದೇ ಗಾಡಿ. ಆದ್ದರಿಂದ ಅವನು ತಳ್ಳಲು ಬಂದ. ಅವನ ಹಿಂದೆ ಹೆಂಡತಿ ಬದ್ರುನ್ನೀಸಾ ಬಂದಳು. ಪಕ್ಕದ ಮನೆಯ ಮುದುಕಿ ಆಂಜಿನಮ್ಮ ಮಂಡಿನೋವಿನ ನಡುವೆಯೂ, ತಾನಿಲ್ಲದೆ ಬೀದಿಯಲ್ಲಿ ಏನೂ ಆಗಬಾರದೆಂಬ ಒಂದೇ ಕಾರಣಕ್ಕೆ, ಬಂದು ಒಂದು ಕೈ ಇಟ್ಟಳು.

ಮೊದಲ ದಿನ ಕೋದಂಡರಾಮಪ್ಪ ಸೀಟಿನಲ್ಲಿ ವಿರಾಜಮಾನನಾಗಿ, ತಲೆ ಹೊರಗೆ ಹಾಕಿ "ಏಮೇ, ತಳ್ಳೇ" ಎಂದು ಅಪ್ಪಣೆ ಕೊಡಿಸಿದ. ಹಿಂದೆ ಮೂವರು ಹೆಂಗಸರಿದ್ದರು. ಬದ್ರುನ್ನೀಸಾ ಕೈ ತೆಗೆದು ಗಂಡನ ಮುಖ ನೋಡಿದಳು. ಅಕ್ಬರ್ ಗಂಟಲು ಸರಿಮಾಡಿಕೊಂಡ. ಆಂಜಿನಮ್ಮ, ತನ್ನ ಗಂಡ ಸಾಯುವವರೆಗೂ ತನ್ನನ್ನು ಏಮೇ ಎನ್ನುವ ಧೈರ್ಯ ಮಾಡಿರಲಿಲ್ಲವೆಂದು ಊರಿಗೆಲ್ಲ ಕೇಳುವಂತೆ ಸಾರಿದಳು. ತಪ್ಪು ತಿದ್ದಿಕೊಳ್ಳಲು ಆತ "ಚಂದನಾ ಅವರಮ್ಮಾ" ಎಂದು ಶುರು ಮಾಡಿದ. ಅಷ್ಟುದ್ದದ ಬಿರುದು ಮುಗಿಯುವಷ್ಟರಲ್ಲಿ ಗಾಡಿ ಜೋರು ಕಳೆದುಕೊಂಡು ನಿಂತಿತು.

ಮೂರನೆಯ ಸಲ ಬೇರೆ ದಾರಿ ಇರಲಿಲ್ಲ. ಆತ ಕಣ್ಣು ಮುಚ್ಚಿಕೊಂಡು (ಕನ್ನಡಿಯಲ್ಲಿ ಆಕೆಗೆ ಕಂಡಿತು) ಕೂಗಿದ: "ಆದಿಲಕ್ಷ್ಮೀ, ತಳ್ಳು."

ಆ ದಿನ ಅಕ್ಬರ್ ಹೇಳಿದ ಪ್ರಕಾರ, ಗಾಡಿಯನ್ನು ತಳ್ಳಿದ್ದು ನಾಲ್ವರಲ್ಲ, ಅಕ್ಕ ಒಬ್ಬರೇ. ಉಳಿದವರು ಸುಮ್ಮನೆ ಜೊತೆಯಲ್ಲಿ ಓಡಿದ್ದು. ಗಾಡಿ ಇಳಿಜಾರಿಗೆ ಹಾರಿತು, ಬಡಬಡ ಎಂದಿತು, ಹೊಗೆಯುಗುಳಿ ಮಾಯವಾಯಿತು. ಆದಿಲಕ್ಷ್ಮಿ ಆ ಕಪ್ಪು ಹೊಗೆಯ ನಡುವೆ, ಸಾಂಬ್ರಾಣಿ ಹೊಗೆಯಲ್ಲಿ ನಿಂತ ದೇವರಂತೆ, ಬಹಳ ಹೊತ್ತು ನಿಂತಿದ್ದಳು.

ಅಂದಿನಿಂದ ಬೆಳಗುಗಳು ಬೇರೆಯಾದವು. ಆಕೆ ಗಾಡಿ ತಳ್ಳುವುದಕ್ಕೆ ತಲೆ ಬಾಚಿಕೊಂಡು ಹೋಗತೊಡಗಿದಳು. ಆಮೇಲೆ ಸೀರೆ ಬದಲಾಯಿಸತೊಡಗಿದಳು. ಒಂದು ದಿನ ಮಲ್ಲಿಗೆ ಮುಡಿದಾಗ ಬದ್ರುನ್ನೀಸಾ ಅದನ್ನೂ ನೋಡಿ, ಆಕೆಯ ಮುಖವನ್ನೂ ನೋಡಿ, ವಿಷಯ ಬಾಯಿಬಿಡಿಸಿದಳು. ಗಂಡನ ಬಾಯಲ್ಲಿ ಹೆಸರು ಕೇಳುವ ಆಸೆಯನ್ನು ಆದಿಲಕ್ಷ್ಮಿ ಹೇಳಿದ ಮೇಲೆ ಬದ್ರುನ್ನೀಸಾ ನಗಲಿಲ್ಲ.

"ನಮ್ಮನೇವ್ರು ನಂಗೆ 'ಸುನೋ' ಅಂತಾರೆ ಅಕ್ಕಾ," ಎಂದಳು. "ಇಪ್ಪತ್ತು ವರ್ಷದಿಂದ ಕೇಳಿ ಕೇಳಿ ನಮ್ಮನೆ ಗಿಳೀನೂ ಹಂಗೇ ಕರೀತೈತೆ. ಯಾರು ಕರೆದ್ರು ಅಂತ ಹೋಗಿ ನೋಡಿದ್ರೆ ಮೆಣಸಿನಕಾಯಿ ಬೇಕಂತೆ, ಗಿಳೀಗೆ. ನಿಮ್ಗಾದ್ರೆ ಗಾಡಿ ಕೆಟ್ಟೈತೆ. ನಮ್ಮಂಥೋರು ಏನ್ ಕೆಡಿಸ್ಬೇಕು ಹೇಳಿ."

ಆದರೆ ಗಂಡಸಿನ ಸಂಕಟ ಬೇರೆ ದಿಕ್ಕಿನಲ್ಲಿ ಬೆಳೆಯುತ್ತಿತ್ತು. ಕೋದಂಡರಾಮಪ್ಪನಿಗೆ ಈಗ ಭೂಮಂಡಲವೆಲ್ಲ ಇಳಿಜಾರು, ಮಟ್ಟಸ ಎಂದು ಎರಡೇ ಭಾಗವಾಗಿತ್ತು. ಇಳಿಜಾರಿನಲ್ಲಿರುವ ಹೋಟೆಲಿನಲ್ಲಷ್ಟೇ ಟೀ, ಇಳಿಜಾರಿನಲ್ಲಿರುವ ದೇವರಿಗಷ್ಟೇ ಕೈಮುಗಿತ. ಆವನಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿ, ಮನೆಯ ಮುಂದೆ ಜಾಗ ಮಟ್ಟಸವಾಗಿದೆಯೆಂದು ಊರಾಚೆ ದಿಬ್ಬದ ಮೇಲೆ ಗಾಡಿ ನಿಲ್ಲಿಸಿ ನಡೆದುಬಂದು, ಊಟದ ಪಂಕ್ತಿ ತಪ್ಪಿಸಿಕೊಂಡಿದ್ದ. ಕೊನೆಗೆ ಮುಳಬಾಗಿಲಿನ ಹತ್ತಿರ, ಕಾಯಿ ತುಂಬಿದ ಗಾಡಿ ಮಟ್ಟಸ ರಸ್ತೆಯಲ್ಲಿ ಆಫ್ ಆಗಿ, ಮದುವೆ ದಿಬ್ಬಣದವರ ಕಾಲಿಗೆ ಬಿದ್ದು ತಳ್ಳಿಸಿಕೊಳ್ಳಬೇಕಾಯಿತು. ಮದುಮಗನೂ ಇಳಿದು ತಳ್ಳಿದನಂತೆ. ಹೊಸ ಸೆಲ್ಫ್ ಹಾಕಿಸುವುದೆಂದು ಆ ಗಳಿಗೆಯೇ ನಿರ್ಧಾರವಾಯಿತು.

ಮೆಕ್ಯಾನಿಕ್ ಭೀಮರಾಜ್, ಸುಗ್ಗಿ ಮುಗಿಯುವವರೆಗೆ ಉಸಿರಾಡಲೂ ಪುರುಸೊತ್ತಿಲ್ಲವೆಂದ. ಕೋದಂಡರಾಮಪ್ಪ ಕೋಲಾರಕ್ಕೆ ಹೋಗಿ ಮೋಟಾರು ಕೊಂಡುತಂದ, ಮೊಬೈಲಿನಲ್ಲಿ ವೀಡಿಯೊ ನೋಡಿದ, ಇದರಲ್ಲೇನಿದೆ ಮಹಾ, ಎರಡು ಬೋಲ್ಟು ಎರಡು ವೈರು, ಭಾನುವಾರ ಮನೆ ಮುಂದೆಯೇ ಹಾಕಿಬಿಡುತ್ತೇನೆ ಎಂದ. ಮಗುವಿನ ತೊಟ್ಟಿಲಿಗೆ ಒಂದು ಮೊಳೆ ಹೊಡೆಯಲು ಗೋಡೆಯ ಅರ್ಧ ಗಾರೆ ಕೆಡವಿದ್ದ ಮನುಷ್ಯ. ಆತನ ಕೈಗುಣದ ಮೇಲೆ ಆದಿಲಕ್ಷ್ಮಿಗೆ ಪೂರ್ಣ ಭರವಸೆ ಇತ್ತು. ಈ ಕೆಲಸ ಖಂಡಿತ ಕೆಡುತ್ತದೆಂದೇ ನಂಬಿದ್ದಳು.

ಭಾನುವಾರ ಗಾಲಿಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ವೈರು ಬಿಚ್ಚಿ, ಗೋಣಿಚೀಲ ಹಾಸಿಕೊಂಡು ಆತ ಗಾಡಿಯ ಕೆಳಗೆ ತೂರಿದ. ಹೊಟ್ಟೆ ಮಾತ್ರ ಕೊಂಚ ಹೊತ್ತು ಹೊರಗೇ ಉಳಿದು ಆಮೇಲೆ ಹಿಂಬಾಲಿಸಿತು. ಆಕೆ ಟಾರ್ಚು ಹಿಡಿದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ಒಂದು ಗಂಟೆ ಕಾಲ ಮೋಟಾರು ಎಡಗಡೆ ಇದೆಯೆಂದು ಆತ ಹುಡುಕಿದ, ವೀಡಿಯೊದಲ್ಲಿ ಹಾಗೇ ಇತ್ತು. ಆಮೇಲೆ ವೀಡಿಯೊದಲ್ಲಿದ್ದದ್ದು ಬೇರೆ ಕಂಪನಿಯ ಗಾಡಿ ಎಂದು ತಿಳಿಯಿತು. ಬಲಗಡೆಗೆ ಹೊರಳಿದ. ಅಲ್ಲಿಂದ ಒಂದೊಂದೇ ಬೇಡಿಕೆ ಬರತೊಡಗಿತು: ಹದಿಮೂರು ಕೊಡು, ಹದಿಮೂರಲ್ಲ ಹದಿನಾಲ್ಕು, ಆ ಹದಿನೇಳು ಎಲ್ಲಿ ಹಾಳಾಗಿ ಹೋಯಿತು. ಮನೆಯಲ್ಲಿದ್ದ ಸ್ಪ್ಯಾನರುಗಳನ್ನೆಲ್ಲ ಆತ ಒಂದೂ ತಪ್ಪದೆ ಹೆಸರು ಹಿಡಿದೇ ಕರೆಯುತ್ತಿದ್ದ. ಆಕೆಯನ್ನು ಮಾತ್ರ "ಏಮೇ".

ಆದಿಲಕ್ಷ್ಮಿಗೆ ತಡೆಯಲಿಲ್ಲ. "ಬೆಳಿಗ್ಗೆ ಗಾಡಿ ತಳ್ಳೋವಾಗ ಕರೀತೀರಲ್ಲ, ಹಂಗೇ ಈಗ ಕರೆದ್ರೆ ಏನ್ ಕಳ್ಕೊಂತೀರಿ?"

"ಈಗ ಇಲ್ಲಿರೋಳು ನೀನೊಬ್ಳೇ ಅಲ್ವೇನೇ," ಎಂದು ಆತ ನಿಜವಾಗಿಯೂ ಅರ್ಥವಾಗದೆ ಕೇಳಿದ. "ಹೆಸರ್ಯಾಕೆ ಬೇಕು?"

ಟಾರ್ಚಿನ ಬೆಳಕು ಸ್ವಲ್ಪ ಬೇರೆ ಕಡೆಗೆ ಸರಿಯಿತು, ಆ ಕತ್ತಲಿನಲ್ಲಿ ಆತ ಕೊನೆಯ ಬೋಲ್ಟು ಬಿಚ್ಚಿದ, ಹಳೆಯ ಮೋಟಾರು ಕಳಚಿ ಆತನ ಹೊಟ್ಟೆಯ ಮೇಲೆ ಬಂದು ಕೂತಿತು. ಕಾಲು ಹಿಡಿದು ಹೊರಗೆಳೆದಾಗ ಆತ ಅದನ್ನು ಹಸುಗೂಸಿನಂತೆ ಅಪ್ಪಿಕೊಂಡೇ ಬಂದ.

ಹೊಸದನ್ನು ಕೂರಿಸುವಾಗ ಆತನೊಳಗಿನ ಮೇಷ್ಟರು ಎಚ್ಚರವಾದರು. ಆಕೆಯನ್ನು ಬಗ್ಗಿಸಿ ತೋರಿಸಿದ. "ನೋಡು, ಈ ದಪ್ಪ ವೈರಿದೆಯಲ್ಲ, ಕರೆಂಟೆಲ್ಲ ಇದ್ರಲ್ಲೇ ಬರೋದು. ಆದ್ರೆ ಈ ಸಣ್ಣದು ಇಲ್ದಿದ್ರೆ ಏನೂ ಇಲ್ಲ. ಕೀ ತಿರುವಿದ ತಕ್ಷಣ ಇದೇ ಹೋಗಿ ಮೋಟಾರನ್ನ ಕರೆಯೋದು. ಇದು ಕರೀಲಿಲ್ಲ ಅಂದ್ರೆ ಅಷ್ಟು ದೊಡ್ಡ ಮೋಟಾರು ಸುಮ್ನೆ ಮಲಗಿರುತ್ತೆ."

ಆದಿಲಕ್ಷ್ಮಿ ಆ ಸಣ್ಣ ವೈರನ್ನು ಬಹಳ ಹೊತ್ತು ನೋಡಿದಳು.

ಆಕೆಯ ನಂಬಿಕೆಗೆ ದ್ರೋಹವಾಯಿತು. ಒಂದು ವಾಷರು ಕೈಯಲ್ಲೇ ಉಳಿದಿದ್ದರೂ, ಕೀ ತಿರುವಿದೊಡನೆ ಕಿರ್ರೆಂದು ಗಾಡಿ ಎದ್ದಿತು. ಅಕ್ಬರ್ ಬಂದು ಭುಜ ತಟ್ಟಿದ. ಆಂಜಿನಮ್ಮ ತನ್ನ ಮಂಡಿಗೆ ಇನ್ನು ಮೋಕ್ಷವೆಂದಳು. ಕೋದಂಡರಾಮಪ್ಪ ಮುಖದ ಮೇಲೆ ಮೀಸೆಗಿಂತ ಉದ್ದದ ಗ್ರೀಸಿನ ಗೆರೆ ಎಳೆದುಕೊಂಡು, ಬೀದಿಯ ಈ ತುದಿಯಿಂದ ಆ ತುದಿಗೆ ಗಾಡಿಯನ್ನು ಮತ್ತೆ ಮತ್ತೆ ನಿಲ್ಲಿಸಿ ಎಬ್ಬಿಸಿದ. ಸಂತೋಷಪಡದಿದ್ದವಳು ಒಬ್ಬಳೇ, ಆ ಒಬ್ಬಳ ಮುಖ ನೋಡಿ ಬದ್ರುನ್ನೀಸಾಳೂ ಸಿಹಿ ಹಂಚುವುದನ್ನು ಮಧ್ಯಕ್ಕೇ ನಿಲ್ಲಿಸಿದಳು.

ಆಮೇಲಿನ ಬೆಳಗುಗಳಲ್ಲಿ ಕಿರ್ರೆಂಬ ಸದ್ದೊಂದು ಕೇಳುತ್ತಿತ್ತು, ಅಷ್ಟೆ. ಆಕೆ ಬಾಗಿಲಿಗೆ ಬರುವಷ್ಟರಲ್ಲಿ ಗಾಡಿ ತಿರುವು ದಾಟಿರುತ್ತಿತ್ತು. ಮೊದಲೆರಡು ದಿನ ಅಭ್ಯಾಸಬಲದಿಂದ ತಲೆ ಬಾಚಿಕೊಂಡಳು. ಬಾಚಿದ ತಲೆಯನ್ನು ಏನು ಮಾಡುವುದೆಂದು ತಿಳಿಯದೆ ಸಾರಿಗೆ ಒಗ್ಗರಣೆ ಹಾಕಿದಳು. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಕಲೆಯೊಂದಿತ್ತು. ರಂಗೋಲಿ ಇಡುವಾಗ ಅದನ್ನು ಬಿಟ್ಟು ಸುತ್ತಲೂ ಚುಕ್ಕಿ ಇಡುತ್ತಿದ್ದಳು. ಒಂದು ಸಂಜೆ, ಮನೆಯಲ್ಲಿ ಯಾರೂ ಇಲ್ಲದಾಗ, ತನ್ನ ಹೆಸರನ್ನು ತಾನೇ ಒಮ್ಮೆ ಗಟ್ಟಿಯಾಗಿ ಕರೆದು ನೋಡಿದಳು. ತಾನೇ "ಹೂಂ" ಎಂದಳು. ಚೆನ್ನಾಗಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ, ಮುದ್ದೆ ಉಂಡು ಆತ ಗೊರಕೆಗೆ ಇಳಿದಿದ್ದಾಗ, ಆದಿಲಕ್ಷ್ಮಿ ಹಳೆಯ ನೈಟಿಯ ಮೇಲೆ ಟವೆಲ್ ಹೊದ್ದು ಅದೇ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಇಳಿದಳು. ಇಳಿಯುವುದು ಸುಲಭವಾಗಿತ್ತು. ಕರೆಯುವ ವೈರು ಅಲ್ಲೇ ಇತ್ತು. ತುದಿಯನ್ನು ಬೆರಳಲ್ಲಿ ಅದುಮಿ ಎಳೆದರೆ ಬಿಟ್ಟುಕೊಂಡಿತು. ಹೊರಬರುವಾಗ ಜಡೆ ಎಲ್ಲಿಗೋ ಸಿಕ್ಕಿಹಾಕಿಕೊಂಡು, ತಾನೂ ಗಾಡಿಯ ಒಂದು ಭಾಗವಾಗಿಬಿಟ್ಟೆನೆಂದು ಆಕೆ ಹೆದರಿದಳು. ಬದ್ರುನ್ನೀಸಾ ಎದುರು ಕಿಟಕಿಯಿಂದ ಎಲ್ಲ ನೋಡಿದಳು, ಬಂದು ಜಡೆ ಬಿಡಿಸಿದಳು, ಒಂದು ಮಾತೂ ಕೇಳದೆ ಹೋದಳು.

ಸೋಮವಾರ ಬೆಳಿಗ್ಗೆ ಕೀ ತಿರುಗಿತು. ಸದ್ದಿಲ್ಲ. ಮತ್ತೆ ತಿರುಗಿತು. ಸದ್ದಿಲ್ಲ. ಆದಿಲಕ್ಷ್ಮಿ ಆ ಹೊತ್ತಿಗಾಗಲೇ ಮಲ್ಲಿಗೆ ಮುಡಿದು, ಸೆರಗು ಬಿಗಿದು, ಗಾಡಿಯ ಹಿಂದೆ ನಿಂತು, ಹಿಂಬದಿಯ ತಗಡಿನ ಬಾಗಿಲು, ಆ ಡಾಲೆಯ ಮೇಲೆ ಎರಡೂ ಕೈ ಇಟ್ಟಾಗಿತ್ತು. ಗಾಡಿ ಕೆಟ್ಟ ಸುದ್ದಿ ಗಾಡಿಯೊಡೆಯನಿಗೆ ತಿಳಿಯುವ ಮೊದಲೇ ಆಕೆ ಸಿದ್ಧಳಾಗಿದ್ದಳು. ಅದನ್ನು ಆತ ಗಮನಿಸಲಿಲ್ಲ. ಬಾನೆಟ್ಟಿಗೂ ದೇವರಿಗೂ ಸಮನಾಗಿ ಬೈಯುತ್ತಿದ್ದ.

ಆದರೆ ಒಂದು ಲೆಕ್ಕ ತಪ್ಪಿತ್ತು. ಅಕ್ಬರ್ ಅಂದು ಬೆಳಗಾಗುವ ಮೊದಲೇ ಮಂಡಿಗೆ ಹೋಗಿದ್ದ. ಆಂಜಿನಮ್ಮ ಮೋಕ್ಷ ಸಿಕ್ಕ ಮಂಡಿಯನ್ನು ಮತ್ತೆ ಭವಬಂಧನಕ್ಕೆ ದೂಡಲು ಒಪ್ಪಲಿಲ್ಲ. ಬದ್ರುನ್ನೀಸಾ ಬಂದಳು, ಆದರೆ ಇಬ್ಬರೇ ಹೆಂಗಸರಿಂದ ಆಗುವ ಕೆಲಸವಲ್ಲ. ಕೋದಂಡರಾಮಪ್ಪ ಯೋಚಿಸಿದ, ಇಳಿದುಬಂದ.

"ನೀನು ಹೋಗಿ ಸೀಟಲ್ಲಿ ಕೂತ್ಕೊ," ಎಂದ. "ನಾನು ತಳ್ತೀನಿ. ಕ್ಲಚ್ ತುಳ್ಕೊಂಡಿರು. ನಾನು 'ಬಿಡು' ಅಂದ್ರೆ ಬಿಡು."

ಒಂದು ವಾರ ಹಂಬಲಿಸಿ, ಗಾಡಿಯ ಕೆಳಗೆ ಜಡೆ ಸಿಕ್ಕಿಸಿಕೊಂಡು, ಕೊನೆಗೆ ಆದಿಲಕ್ಷ್ಮಿಗೆ ಸಿಕ್ಕಿದ್ದು 'ಬಿಡು'. ಅದಕ್ಕೆ ಹೆಸರೂ ಬೇಕಿಲ್ಲ, ಸೀಟಿನಲ್ಲಿರುವವಳು ಆಕೆಯೊಬ್ಬಳೇ. ಹತ್ತಿ ಕೂತಳು. ಆತ ಕೈ ಹಾಕಿ ಸೆಕೆಂಡ್ ಗೇರಿಗೆ ತಳ್ಳಿ ಹಿಂದೆ ಹೋದ. ಗಾಡಿ ಕದಲಿತು, ಅಕ್ಬರನ ಮನೆ ದಾಟಿತು, ಇಳಿಜಾರು ಸಿಕ್ಕಿತು. "ಬಿಡು" ಎಂಬ ಕೂಗು ಬಂತು. ಆಕೆ ಬಿಟ್ಟಳು. ಕ್ಲಚ್ಚನ್ನೂ ಬಿಟ್ಟಳು, ಸ್ಟಿಯರಿಂಗನ್ನೂ ಬಿಟ್ಟಳು, ಎರಡೂ ಕಾಲೆತ್ತಿ ಸೀಟಿನ ಮೇಲೆ ಇಟ್ಟುಕೊಂಡಳು.

ಇಂಜಿನ್ ಹತ್ತಿಕೊಂಡಿತು. ಡೀಸೆಲ್ ಗಾಡಿಗೆ ಒಮ್ಮೆ ಜೀವ ಬಂದರೆ ಯಾರೂ ತುಳಿಯಬೇಕಿಲ್ಲ, ತನ್ನ ಪಾಡಿಗೆ ತಾನು ನಡೆಯುತ್ತದೆ. ನಡೆಯಿತು. ಆಕೆ ಸ್ಟಿಯರಿಂಗನ್ನು ಮತ್ತೆ ಹಿಡಿದುಕೊಂಡಳು, ಎಮ್ಮೆಯ ಕೊಂಬು ಹಿಡಿದಂತೆ. ಕನ್ನಡಿಯಲ್ಲಿ ಆತ ಪಂಚೆ ಎತ್ತಿಕಟ್ಟಿ ಓಡಿಬರುತ್ತಿದ್ದ, ಆದರೆ ಸಣ್ಣದಾಗುತ್ತಿದ್ದ. ಮುಂದೆ ಟೀ ಅಂಗಡಿ, ಅದರಾಚೆ ದೊಡ್ಡ ರಸ್ತೆ, ಅಲ್ಲಿ ಕೋಲಾರದ ಬಸ್ಸುಗಳು.

"ರೀ," ಎಂದು ಕೂಗಿದಳು. ಟೀ ಅಂಗಡಿಯ ಮುಂದಿದ್ದ ಗಂಡಸರೆಲ್ಲ ಒಟ್ಟಿಗೆ ತಿರುಗಿದರು. ಎಲ್ಲರೂ ಯಾರಿಗೋ 'ರೀ' ಆಗಿದ್ದವರೇ. "ಏನ್ರೀ," ಎಂದಳು. ಏನೆಂದು ಅವರೂ ಕೇಳಿದರು. "ಚಂದನಾ ಅವರಪ್ಪಾ" ಎನ್ನುವಷ್ಟು ರಸ್ತೆ ಉಳಿದಿರಲಿಲ್ಲ. ಅತ್ತೆ, ಆಯುಸ್ಸು, ಎಲ್ಲ ಒಂದು ಕ್ಷಣ ಕಣ್ಣ ಮುಂದೆ ಬಂದುಹೋದವು. ಆದಿಲಕ್ಷ್ಮಿ ಕಿಟಕಿಯಿಂದ ಅರ್ಧ ಹೊರಗೆ ಬಂದು, ಹುಟ್ಟಿದಾರಭ್ಯ ಬಳಸದ ಗಂಟಲಿನಲ್ಲಿ ಕೂಗಿದಳು.

"ಕೋದಂಡರಾಮಪ್ಪಾ!"

ಬದ್ರುನ್ನೀಸಾಳ ಗಿಳಿ ಕೂಡ ಸುಮ್ಮನಾಯಿತಂತೆ. ಓಡಿಬಂದು ಕಾಪಾಡಬೇಕಾದ ಮಹಾಪುರುಷ ಆ ಕೂಗು ಕಿವಿಗೆ ಬಿದ್ದೊಡನೆ ನಡುಬೀದಿಯಲ್ಲಿ ಗರಬಡಿದವನಂತೆ ನಿಂತುಬಿಟ್ಟ. ಗಾಡಿಯೇ ಕನಿಕರಿಸಿ, ಮನೆ ಕಟ್ಟಲು ರಾಶಿ ಹಾಕಿದ್ದ ಎಂ-ಸ್ಯಾಂಡ್ ಮರಳಿನೊಳಗೆ ಮೂತಿ ತೂರಿಸಿ, ಒಮ್ಮೆ ಕೆಮ್ಮಿ, ಆಫ್ ಆಯಿತು.

ಜನ ಸೇರಿದರು, ಯಾರಿಗೂ ಏನೂ ಆಗಿಲ್ಲವೆಂದು ತಿಳಿದು ಸ್ವಲ್ಪ ನಿರಾಶೆಯಿಂದ ಚದುರಿದರು. ಕೋದಂಡರಾಮಪ್ಪ ನಿಧಾನವಾಗಿ ನಡೆದುಬಂದ. ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿದ, ಕೈ ಹಾಕಿ ಟಕ್ಕೆಂದು ಏನೋ ಸಿಕ್ಕಿಸಿದ, ಎದ್ದ. ಅದು ಬೆರಳಲ್ಲಿ ಅದುಮಿದರೆ ಮಾತ್ರ ಬಿಡುವ ವೈರು ಎಂದಷ್ಟೇ ಗೊಣಗಿದ. ಆಕೆ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದಳು. ಆತ ಕಿಟಕಿಯ ಮೇಲೆ ಮೊಣಕೈ ಊರಿ, ಬೇರೆಲ್ಲೋ ನೋಡುತ್ತಾ, ಸಣ್ಣ ದನಿಯಲ್ಲಿ ಕೇಳಿದ.

"ಏನಂತ ಕರೆದೆ?"

"ಏನೂ ಇಲ್ಲ."

"ನಮ್ಮಮ್ಮ ಹೋದ್ಮೇಲೆ ಯಾರೂ ಹಂಗೆ ಪೂರ್ತಿ ಕರೆದಿರ್ಲಿಲ್ಲ. ಎಲ್ಲಾರೂ 'ಪಿಕಪ್ಪು' ಅಂತಾರೆ." ಸ್ವಲ್ಪ ತಡೆದು, "ಇನ್ನೊಂದ್ಸಲ ಕರಿ," ಎಂದ.

"ಗಾಡಿ ನಿಂತೈತಲ್ಲ," ಎಂದಳು ಆದಿಲಕ್ಷ್ಮಿ. "ಈಗ್ಯಾಕೆ?"

ಮಧ್ಯಾಹ್ನ ಊಟಕ್ಕೆ ಕೂತಾಗ ಆಕೆ ಎರಡು ಸಲ ಆತನ ಹಣೆ ಮುಟ್ಟಿ ನೋಡಿದಳು. ಆಯುಸ್ಸು ಕಡಿಮೆಯಾದವನು ಮೂರನೆಯ ಮುದ್ದೆ ಕೇಳುವುದಿಲ್ಲವೆಂದು ಸಮಾಧಾನ ಮಾಡಿಕೊಂಡಳು.

ಮರುದಿನ ಬೆಳಿಗ್ಗೆ ಆಕೆ ಹಾಲು ಕಾಯಿಸುತ್ತಿದ್ದಾಗ ಹೊರಗೆ ಕಿರ್ರೆಂದಿತು, ಇಂಜಿನ್ ಸೊಗಸಾಗಿ ಎದ್ದಿತು. ಎದ್ದು, ತಟಕ್ಕನೆ ನಿಂತಿತು. ನಿಲ್ಲಿಸಿದ್ದು. ಕೋದಂಡರಾಮಪ್ಪ ಬಾಗಿಲಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ.

"ಸೆಲ್ಫ್ ಎತ್ತುತ್ತಿಲ್ಲ," ಎಂದ ಗೋಡೆಯನ್ನು ನೋಡುತ್ತಾ. "ಬಂದು ಕೂತ್ಕೊ. ನಾನು ತಳ್ತೀನಿ."

ಬ್ರೇಕ್ ಯಾವುದೆಂದು ಈ ಸಲ ಕೇಳಿ ತಿಳಿದುಕೊಂಡೇ ಆಕೆ ಕೂತಳು. ಆತ ಹಿಂದೆ ಹೋಗಿ ಡಾಲೆಯ ಮೇಲೆ ಕೈ ಇಟ್ಟು ನಿಂತ. ತಳ್ಳಲಿಲ್ಲ, ನಿಂತ. ಕರೆಯಲೆಂದು ಕಾದ. ಆಕೆಯೂ ಕಾದಳು, ಇಷ್ಟು ವರ್ಷ ಕಾದವಳು, ಮೊದಲು ಆತನೇ ಕರೆಯಲಿ ಎಂದು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಳು. ಬಿಸಿಲು ಏರಿತು. ಹಾಲು ಉಕ್ಕಿದ ವಾಸನೆ ಬಂತು. ಅಕ್ಬರ್ ಮಂಡಿಗೆ ಕಾಯಿ ಇನ್ನೂ ಬಂದಿಲ್ಲವೆಂದು ಎರಡು ಸಲ ಫೋನು ಮಾಡಿದ. ಬದ್ರುನ್ನೀಸಾ ಹೊಸ್ತಿಲ ಮೇಲೆ ಕೂತು, ಯಾರು ಗೆಲ್ಲುತ್ತಾರೆಂದು ನೋಡುತ್ತಾ ಸೊಪ್ಪು ಸೋಸತೊಡಗಿದಳು.

ಆದಿಲಕ್ಷ್ಮಿ ಕನ್ನಡಿಯಲ್ಲಿ ನೋಡಿದಳು. ಎಣ್ಣೆಯ ತಲೆ ಬಿಸಿಲಿಗೆ ಹೊಳೆಯುತ್ತಿತ್ತು, ಇಸ್ತ್ರಿಯ ಅಂಗಿ ಬೆವರಿ ಮೈಗಂಟುತ್ತಿತ್ತು, ಮುಖ ಹಾಜರಿ ಕೂಗುವುದನ್ನೇ ಕಾಯುವ ಹುಡುಗನದಾಗಿತ್ತು. ಆಕೆ ಸೋತಳು. ಮೆಲ್ಲಗೆ, ಬೀದಿಗೆ ಕೇಳದಷ್ಟು ಆದರೆ ಗಾಡಿಯ ಹಿಂದಕ್ಕೆ ಕೇಳುವಷ್ಟು, ಪೂರ್ತಿ ಹೆಸರು ಹೇಳಿ ಕರೆದಳು.

ಗಾಡಿ ಒಬ್ಬನೇ ತಳ್ಳಿದ್ದೆಂದು ನಂಬಲಾಗದ ಹಾಗೆ ನುಗ್ಗಿತು. "ಬಿಡು" ಎಂದ. ಬಿಟ್ಟಳು. ಇಂಜಿನ್ ಹತ್ತಿಕೊಂಡಿತು, ಬ್ರೇಕ್ ತುಳಿದಳು, ಗಾಡಿ ಗಕ್ಕನೆ ನಿಂತು ಅದುರಿ ಮತ್ತೆ ಆಫ್ ಆಯಿತು. ಆತ ಏದುಸಿರು ಬಿಡುತ್ತಾ ಬಂದು, ಆಕೆ ಜರುಗಿದ ಜಾಗದಲ್ಲಿ ಹತ್ತಿ ಕೂತ. ಸೆಲ್ಫ್ ಎತ್ತದ ಗಾಡಿಯ ಕೀಯನ್ನು ಯಾವ ನಾಚಿಕೆಯೂ ಇಲ್ಲದೆ ತಿರುವಿ, ಕಿರ್ರೆಂದು ಎಬ್ಬಿಸಿ, ಎದುರಿನ ಖಾಲಿ ರಸ್ತೆಯನ್ನೇ ನೋಡುತ್ತಾ ಹೇಳಿದ:

"ನಾಳೇನೂ ಇದು ಎತ್ತಲ್ಲ ಅನ್ಸುತ್ತೆ ಕಣೇ... ಆದೀ."

ಮಾತು ಅಲ್ಲಿಗೆ ಕೆಮ್ಮಾಯಿತು. ಆದಿಲಕ್ಷ್ಮಿ ಕೆಳಗಿಳಿದು ಬಾಗಿಲು ಹಾಕಿ, ಹೊಗೆ ಕರಗುವವರೆಗೆ ನಿಂತಿದ್ದಳು. ಅರ್ಧ ಹೆಸರು ಬಂದಿತ್ತು. ಉಳಿದರ್ಧಕ್ಕೆ ನಾಳೆ ಮತ್ತೆ ಹಾಲು ಉಕ್ಕಿಸಬೇಕು.